ಮುಖದ ಬಾಕಿ

ಶಿವರಾತ್ರಿ ಕಳೆದು ವಾರವಾಗಿತ್ತು. ಊರಿಗೆ ಊರೇ ಹುಣಸೆಯ ಕೆಲಸಕ್ಕೆ ಬಿದ್ದಿತ್ತು. ಗಂಡಸರು ಬೆಳಕು ಹರಿಯುತ್ತಲೇ ಮರ ಹತ್ತಿ ಕೊಂಬೆ ಜಗ್ಗುತ್ತಿದ್ದರು. ಉದುರಿದ್ದನ್ನು ಹೆಂಗಸರು ಆಯ್ದು ಅಂಗಳಕ್ಕೆ ತಂದು ಹರವುತ್ತಿದ್ದರು. ಬಿಸಿಲು ಬಲಿತು ಸಿಪ್ಪೆ ಗರಿಗರಿಯಾದ ಮೇಲೆ ಮನೆಮನೆಯ ಮುಂದೂ ಬಡಿಯುವ ಸದ್ದು. ಸಿಪ್ಪೆ ಒಡೆದು, ನಾರು ಎಳೆದು, ಬೀಜ ಬಿಡಿಸಿ, ಹಣ್ಣನ್ನು ಉಂಡೆ ಕಟ್ಟುವಷ್ಟರಲ್ಲಿ ಎಲ್ಲರ ಕೈಯೂ ಅಂಟು, ಎಲ್ಲರ ಮುಖದ ಮೇಲೂ ಕೆಂಧೂಳು. ಆ ಒಂದು ತಿಂಗಳು ನಮ್ಮೂರಿನಲ್ಲಿ ಮುಖ ಕೊಡುವವರಿಗೆ ದಿನಕ್ಕೆ ಎರಡು ಹೊತ್ತು ಕೆಲಸ.

ನಮ್ಮೂರಿನವರು ಕನ್ನಡಿಯಲ್ಲಿ ಕಾಣುವುದಿಲ್ಲ. ಹಿಂದಿನ ಗೋಡೆ ಕಾಣುತ್ತದೆ, ಗೋಡೆಯ ಮೇಲಿನ ಹಲ್ಲಿ ಕಾಣುತ್ತದೆ, ಬಾಗಿಲಲ್ಲಿ ನಿಂತ ಎಮ್ಮೆಯೂ ಕಾಣುತ್ತದೆ. ಎದುರು ನಿಂತವರು ಮಾತ್ರ ಕಾಣುವುದಿಲ್ಲ. ಬಾವಿಗೆ ಬಗ್ಗಿ ನೋಡಿದರೂ ಬರೀ ಆಕಾಶ. ಹಾಗಾಗಿ ಬೆಳಗ್ಗೆ ಎದ್ದು ಹಲ್ಲುಜ್ಜಿದ ಮೇಲೆ ಪ್ರತಿಯೊಬ್ಬರೂ ತಮ್ಮ ಪಾಲಿನ ಒಬ್ಬರ ಎದುರು ನಿಂತು ಮುಖ ಇಸಿದುಕೊಳ್ಳಬೇಕು. ಕುಂಕುಮ ಎಡಕ್ಕೆ ಜರುಗಿದೆ, ಕಣ್ಣಲ್ಲಿ ಗೀಜಿದೆ, ಗದ್ದದ ಕೆಳಗೆ ನಾಲ್ಕು ಕೂದಲು ಬಿಟ್ಟಿದ್ದೀಯ, ನಿನ್ನೆಗಿಂತ ಇವತ್ತು ಸೊರಗಿದ್ದೀಯ, ಹೀಗೆ. ಇಸಿದುಕೊಂಡವರು ಹೊತ್ತು ಮುಳುಗುವುದರೊಳಗೆ ತಿರುಗಿ ಕೊಡಬೇಕು. ಇಲ್ಲವಾದರೆ ಅದು ಮುಖದ ಬಾಕಿ. ಗಂಡ ಹೆಂಡತಿ ಒಬ್ಬರಿಗೊಬ್ಬರು ಕೊಡುವಂತಿಲ್ಲ, ಯಾಕೆಂದರೆ ಇಬ್ಬರೂ ನಿಜ ಹೇಳುವುದಿಲ್ಲ ಎಂಬುದು ಹಿರಿಯರಿಗೆ ಗೊತ್ತಿತ್ತು. ಇನ್ನು ತನ್ನ ಪಾಲಿಗೆ ಬಾರದವರ ಮುಖದ ಬಗ್ಗೆ ಬಾಯಿ ಬಿಡುವುದು ಕಳ್ಳತನಕ್ಕಿಂತ ದೊಡ್ಡ ತಪ್ಪು. ಹಣೆಗೆ ಸಗಣಿ ಮೆತ್ತಿಕೊಂಡು ಯಾರಾದರೂ ಬೀದಿಯಲ್ಲಿ ಹೋಗುತ್ತಿದ್ದರೂ ನಾವು ಹವೆಯ ಮಾತಾಡುತ್ತೇವೆ.

ಇಂಥ ಊರಿನಲ್ಲಿ ನನ್ನದು ಫೋಟೋ ಅಂಗಡಿ. ಹೆಸರು ಪಾತಲಿಂಗಪ್ಪ, ಊರ ಬಾಯಲ್ಲಿ ಪಾತಣ್ಣ. ನನ್ನ ಹಳೆಯ ಕ್ಯಾಮೆರಾ ಇಟ್ಟಿಗೆಯಷ್ಟು ಭಾರ. ಅದರ ಹೊಟ್ಟೆಯಲ್ಲೊಂದು ಕನ್ನಡಿ; ಗುಂಡಿ ಒತ್ತಿದಾಗಲೆಲ್ಲ ಟಪ್ಪೆಂದು ಎದ್ದು ಬೀಳುತ್ತಿತ್ತು. ಅದರಲ್ಲಿ ಮನುಷ್ಯರು ಬೀಳುತ್ತಿರಲಿಲ್ಲ. ಮದುವೆಗೆ ಕರೆದರೆ ಮಂಟಪ ತೆಗೆಯುತ್ತಿದ್ದೆ, ಅಡುಗೆಯ ಕೊಪ್ಪರಿಗೆ ತೆಗೆಯುತ್ತಿದ್ದೆ, ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳನ್ನು ತೆಗೆಯುತ್ತಿದ್ದೆ. ವರ್ಷಗಳ ಮೇಲೆ ಆಲ್ಬಮ್ ತೆರೆದವರು ಚಪ್ಪಲಿ ನೋಡಿಯೇ ಯಾರು ಯಾರು ಬಂದಿದ್ದರೆಂದು ನೆನೆಸಿಕೊಳ್ಳುತ್ತಿದ್ದರು. ರೇಷನ್ ಕಾರ್ಡಿಗೆ ಖಾಲಿ ಕುರ್ಚಿಯ ಫೋಟೋ. ಕಚೇರಿಯ ಗುಮಾಸ್ತರಿಗೂ ಅಭ್ಯಾಸವಾಗಿತ್ತು, ಕುರ್ಚಿ ನೋಡಿ, "ಬೆತ್ತದ್ದಾ? ಹಂಗಾದ್ರೆ ಗಿರಣಿ ಗಾದ್ರಪ್ಪ," ಎನ್ನುತ್ತಿದ್ದರು. ನಮ್ಮೂರಿನ ಫೋನುಗಳೆಲ್ಲ ಗುಂಡಿ ಒತ್ತಿ ಮಾತಾಡುವಂಥವು, ಅವುಗಳಿಂದಲೂ ಏನೂ ಆಗುವಂತಿರಲಿಲ್ಲ.

ಹಳೆಯ ಕ್ಯಾಮೆರಾದ ಬಾಗಿಲು ಸಡಿಲವಾಯಿತೆಂದು ರಿಪೇರಿಗೆ ರೈಲು ನಿಲ್ಲುವ ಊರಿಗೆ ಹೋದೆ. ಅಂಗಡಿಯವನು ಅದನ್ನು ತಿರುವಿ ನೋಡಿ, ಇದಕ್ಕೆ ಬಿಡಿಭಾಗ ಸಿಗುವುದಿಲ್ಲವೆಂದು ಗಾಜಿನ ಪೆಟ್ಟಿಗೆಯಿಂದ ಇನ್ನೊಂದು ತೆಗೆದಿಟ್ಟ. ಅಂಗೈಯಗಲ, ಕರ್ರಗೆ, ಬೆಲ್ಲದ ಅಚ್ಚಿನಷ್ಟು. ಯಾರೋ ಬಳಸಿ ಬಿಟ್ಟದ್ದು.

"ಇದೇನ್ರೀ ಇಷ್ಟು ಹಗುರ? ಒಳಗೇನೂ ಇಲ್ವಾ?" ಎಂದೆ.

"ಎಲ್ಲಾ ಇದೆ ಸಾರ್. ಕನ್ನಡಿ ಒಂದಿಲ್ಲ ಅಷ್ಟೇ."

"ಇನ್ನೊಂದು ಸಲ ಹೇಳಿ," ಎಂದೆ.

"ಮಿರರ್‌ಲೆಸ್ ಸಾರ್. ಲೆನ್ಸಿಂದ ಬಂದ ಬೆಳಕು ಸೀದಾ ಒಳಗಿನ ಸೆನ್ಸರ್ ಮೇಲೆ ಬೀಳುತ್ತೆ. ಕನ್ನಡಿ ಗಿನ್ನಡಿ ಏನಿಲ್ಲ. ಈಗೆಲ್ಲ ಇದೇ."

ಈಗೆಲ್ಲ ಇದೇ ಅಂತೆ. ಎಷ್ಟು ಸಲೀಸಾಗಿ ಹೇಳಿಬಿಟ್ಟ. ನನ್ನ ಹಳೆಯದನ್ನೂ ಅದರ ಎರಡು ಲೆನ್ಸನ್ನೂ ಅವನಿಗೇ ಬಿಟ್ಟು, ಇದನ್ನೂ ಇದರ ಜೊತೆಗೆ ಬಂದ ಎರಡು ಲೆನ್ಸನ್ನೂ ಟವೆಲ್ಲಿನಲ್ಲಿ ಸುತ್ತಿ, ಕೂಸು ಹಿಡಿದಂತೆ ಎದೆಗೆ ಒತ್ತಿಕೊಂಡು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಟವೆಲ್ಲಿನ ಮೇಲೆ ಕೈಯಾಡಿಸಿದ್ದೇ ಆಡಿಸಿದ್ದು. ಪಕ್ಕದಲ್ಲಿ ಕೂತವಳು, "ಮೊಲದ ಮರಿಯೇನಣ್ಣ?" ಎಂದು ಕೇಳಿದಳು. ಹೌದು ಎಂದೆ.

ಮನೆಗೆ ಬಂದಾಗ ನಡುಹಗಲು. ಹೆಂಡತಿ ಮಾರಕ್ಕ ಅಂಗಳದ ಬಿಸಿಲಿಗೆ ಬೆನ್ನು ಕೊಟ್ಟು ಮೊರದಲ್ಲಿ ಹುಣಸೆಬೀಜ ಕೇರುತ್ತಿದ್ದಳು. ಮಾತಿಲ್ಲದೆ ಟವೆಲ್ ಬಿಚ್ಚಿದೆ, ಹಿಡಿದೆ, ಒತ್ತಿದೆ. ಟಪ್ಪೆನ್ನಲಿಲ್ಲ; ಇರುವೆ ಕೆಮ್ಮಿದಷ್ಟು ಸದ್ದು. ಹಿಂದಿನ ಪರದೆಯಲ್ಲಿ ಅಂಗಳ ಬಂದಿತ್ತು, ಮೊರ ಬಂದಿತ್ತು, ನಡುವೆ ಕರ್ರಗೆ ಒಂದು ಆಕಾರ ಬಂದಿತ್ತು. ನಾನು ಅಲ್ಲೇ ಕುಕ್ಕರಿಸಿದೆ.

"ಮಾರಿ, ನೀನು ಬಿದ್ದಿದೀಯ ಕಣೆ."

ಅವಳು ಕಾಲ ಕೆಳಗೆ ನೋಡಿಕೊಂಡಳು. "ಎಲ್ ಬಿದ್ದೆ?"

"ಫೋಟೋದಾಗೆ ಬಿದ್ದಿದೀಯ."

ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದು ಬಗ್ಗಿ ನೋಡಿದಳು. "ಇದೇನು, ಇದ್ದಿಲ ಮೂಟೆ ಇದ್ದಂಗೈತೆ?"

"ಅದೇ ನೀನು."

"ನಾನು ಇಷ್ಟು ಕರ್ರಗಿದ್ದಿದ್ರೆ ನಿಮ್ಮಪ್ಪ ನನ್ನ ಮನೆ ತುಂಬಿಸ್ಕೊಂತಿದ್ನಾ? ಹೋಗಿ ಸರಿಯಾಗಿ ತೆಗೆಯೋದು ಕಲ್ತ್ಕೊಂಡ್ ಬಾ."

ಕಲಿಯಬೇಕಿತ್ತು. ಮೂವತ್ತು ವರ್ಷ ಕುರ್ಚಿ, ಕೊಪ್ಪರಿಗೆ ತೆಗೆದವನಿಗೆ ಮುಖ ತೆಗೆಯುವುದು ಏನು ಗೊತ್ತು? ಕುರ್ಚಿ ಅಲ್ಲಾಡುವುದಿಲ್ಲ, ಕಣ್ಣು ಮುಚ್ಚುವುದಿಲ್ಲ. ಮೊದಲ ಎರಡು ದಿನ ನಾನು ತೆಗೆದದ್ದೆಲ್ಲ ಹಾಳು. ಬೆನ್ನ ಹಿಂದೆ ಬಿಸಿಲಿದ್ದರೆ ಮುಖ ಮಸಿ. ನೆತ್ತಿಯ ಮೇಲೆ ಬಿಸಿಲಿದ್ದರೆ ಕಣ್ಣಿನ ಜಾಗದಲ್ಲಿ ಎರಡು ಗುಂಡಿ. ಮುಖ ಮಬ್ಬು, ಹಿಂದಿನ ಮರದ ಎಲೆ ಎಲೆಯೂ ಸ್ಪಷ್ಟ. ಆಮೇಲೆ ಒಂದೊಂದೇ ಹಿಡಿತಕ್ಕೆ ಬಂತು. ಚಿತ್ರದ ಮೇಲೆ ಓಡಾಡುವ ಸಣ್ಣ ಚೌಕವನ್ನು ತಂದು ಹತ್ತಿರದ ಕಣ್ಣಿನ ಮೇಲೆ ನಿಲ್ಲಿಸಬೇಕು. ಕಣ್ಣು ಸರಿಯಾಗಿ ಬಂದರೆ ಉಳಿದದ್ದು ಹೆಚ್ಚುಕಡಿಮೆಯಾದರೂ ನಡೆಯುತ್ತದೆ. ಮೇಲೆ ಬೆಳಕನ್ನು ಹೆಚ್ಚು ಕಡಿಮೆ ಮಾಡುವ, ಕೂಡುವ ಕಳೆಯುವ ಗುರುತಿನ ಒಂದು ಚಕ್ರವಿದೆ; ಬೆಳ್ಳನೆಯ ಗೋಡೆಯ ಮುಂದೆ ಕೂರಿಸಿದರೆ ಕೂಡುವ ಕಡೆಗೆ ಎರಡು ಹಲ್ಲು ತಿರುಗಿಸಬೇಕು, ಕತ್ತಲ ಕೋಣೆಯ ಬಾಗಿಲಲ್ಲಿ ನಿಲ್ಲಿಸಿದರೆ ಕಳೆಯುವ ಕಡೆಗೆ. ದೂರ ನಿಂತು ಲೆನ್ಸು ಉದ್ದ ಮಾಡುವುದಕ್ಕಿಂತ ನಾಲ್ಕು ಹೆಜ್ಜೆ ಹತ್ತಿರ ಹೋಗುವುದು ಮೇಲು. ಹಗುರವಾದದ್ದು ಕೈಯಲ್ಲಿ ನಡುಗುತ್ತದೆ, ಆದ್ದರಿಂದ ಮೊಣಕೈ ಎರಡನ್ನೂ ಪಕ್ಕೆಗೆ ಒತ್ತಿ, ಉಸಿರು ಬಿಟ್ಟು, ಮುಂದಿನ ಉಸಿರು ಎಳೆಯುವ ಮೊದಲು ಒತ್ತಬೇಕು. ಬ್ಯಾಟರಿ ಬಡವರ ಮನೆಯ ಎಣ್ಣೆಯಂತೆ ಬೇಗ ತೀರುತ್ತದೆ. ಇನ್ನೊಂದು ಸದಾ ಜೇಬಿನಲ್ಲಿರಬೇಕು. ಎಲ್ಲಕ್ಕಿಂತ ಒಳ್ಳೆಯ ಜಾಗ ನಮ್ಮ ಪಡಸಾಲೆ. ಬಾಗಿಲಿನಿಂದ ಬರುವ ಬೆಳಕು ಒಂದು ಕೆನ್ನೆಗೆ, ಆಚೆ ಕಡೆ ಹರವಿದ ಬಿಳಿ ಪಂಚೆಯಿಂದ ಮರಳಿದ ಬೆಳಕು ಇನ್ನೊಂದು ಕೆನ್ನೆಗೆ. ಹಾಗೆ ಕೂರಿಸಿದರೆ ಕಲ್ಲಿಗೂ ಜೀವ ಬರುತ್ತಿತ್ತು.

ಮೂರನೆಯ ದಿನ ಕಟ್ಟೆಯ ಮೇಲಿನ ಕ್ಯಾತಜ್ಜನನ್ನು ಕರೆತಂದು ಕೂರಿಸಿದೆ. ಎಂಬತ್ತು ದಾಟಿದ ಜೀವ, ಊರಿಗೆಲ್ಲ ಹಿರಿಯ. ಅಂಗಡಿಯಲ್ಲಿ ಪ್ರಿಂಟು ಹಾಕಿ ತಂದು ಕೊಟ್ಟೆ. ಹತ್ತು ಹದಿನೈದು ಜನ ಸೇರಿದ್ದರು. ಅಜ್ಜ ಕಾಗದವನ್ನು ದೂರ ಹಿಡಿದ, ಹತ್ತಿರ ಹಿಡಿದ.

"ಅಪ್ಪಯ್ಯ," ಎಂದ. "ಎಲ್ಲೋಗಿದ್ದೆ ಇಷ್ಟು ದಿನ?"

ಯಾರೂ ನಗಲಿಲ್ಲ. ಅಜ್ಜ ಆ ಕಾಗದಕ್ಕೆ ಕೈಮುಗಿದು, ತೋಟದ ತಕರಾರು ಬಗೆಹರಿಯಿತೆಂದೂ, ಬಿಳಿ ಹೋರಿ ಸತ್ತು ಬಹಳ ವರ್ಷವಾಯಿತೆಂದೂ ವರದಿ ಒಪ್ಪಿಸಿದ. ಅದು ನೀನೇ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ಸಂಜೆಯೊಳಗೆ ಇದೇ ಆಟ ಊರೆಲ್ಲ ಆಯಿತು. ಒಬ್ಬಳು ತನ್ನ ಫೋಟೋ ನೋಡಿ ಅವ್ವನೆಂದು ಅತ್ತಳು. ಇನ್ನೊಬ್ಬ ತನ್ನದನ್ನು ಅಣ್ಣನೆಂದು ತಿಳಿದು, ಪಾಲಿನಲ್ಲಿ ಮೋಸ ಮಾಡಿದ ಆ ಮುಖ ನನಗೆ ಬೇಡವೆಂದು ಹಿಂದಿರುಗಿಸಿದ. ಅಕ್ಕಪಕ್ಕದವರ ಫೋಟೋ ಎಲ್ಲರಿಗೂ ಗುರುತು ಸಿಗುತ್ತಿತ್ತು. ತಮ್ಮದು ಕೈಗೆ ಬಂದಾಗ ಮಾತ್ರ ಯಾರೋ ನೆಂಟರು ಬಂದಂತಾಗುತ್ತಿತ್ತು. ಅದು ತಾವೇ ಎಂದು ತಿಳಿದ ಮೇಲೆ ಕೆಲವರು ಗಂಟೆಗಟ್ಟಲೆ ಸುಮ್ಮನೆ ಕೂತರು, ಕೆಲವರು ಕುಣಿದರು. ಹುಣಸೆ ಅಂಗಳದಲ್ಲೇ ಉಳಿಯಿತು. ನನ್ನ ಪಡಸಾಲೆಯ ಮುಂದೆ ನಸುಕಿನಿಂದಲೇ ಸಾಲು. ನನಗೆ ಊಟದ ಮೇಲೆ ನಿಗಾ ಇಲ್ಲ. ಐವತ್ತು ದಾಟಿದ ಮನುಷ್ಯ ಅಂಗಳದಲ್ಲಿ ಓಡಾಡುತ್ತಿರಲಿಲ್ಲ, ಹಾರುತ್ತಿದ್ದ ಎಂದು ಮಾರಕ್ಕ ಈಗಲೂ ಹೇಳುತ್ತಾಳೆ.

ಆ ಹಾರಾಟದಲ್ಲೇ ಎಡವಟ್ಟು ಮಾಡಿಕೊಂಡೆ. ಸಾಲು ಬೆಳೆಯುತ್ತಿದೆ, ಮರದ ಮೇಲಿನವರನ್ನೂ ತೆಗೆಯಬೇಕು ಎಂದು ಹುಣಸೆ ಬಡಿಯುವ ಅಂಗಳದಲ್ಲೇ ನಿಂತು ಲೆನ್ಸು ಬದಲಿಸಿದೆ. ಹಳೆಯ ಕ್ಯಾಮೆರಾದಲ್ಲಿ ಸೆನ್ಸರಿನ ಮುಂದೆ ಕನ್ನಡಿ ಅಡ್ಡ ನಿಂತು ಕಾಯುತ್ತಿತ್ತು. ಇದರಲ್ಲಿ ಅದಿಲ್ಲ, ಲೆನ್ಸು ಬಿಚ್ಚಿದರೆ ಒಳಗಣ್ಣು ಬತ್ತಲೆ. ಸಿಪ್ಪೆಯ ಒಂದು ಚೂರು ಅಲ್ಲಿ ಹೋಗಿ ಕೂತದ್ದು ನನಗೆ ಗೊತ್ತಾಗಲಿಲ್ಲ. ಮಾರನೆಯ ದಿನ ಹಿಟ್ಟಿನ ಗಿರಣಿಯ ಗಾದ್ರಪ್ಪ ಫೋಟೋ ಹಿಡಿದು, ತನಗೆ ಮುಖ ಕೊಡುವ ಚಹಾ ಅಂಗಡಿಯ ಈರಲಿಂಗನ ಮೇಲೆ ಬಿದ್ದ.

"ಇಪ್ಪತ್ತು ವರ್ಷದಿಂದ ಮುಖ ಕೊಡ್ತಿದೀಯ. ಕೆನ್ನೆ ಮ್ಯಾಲೆ ಇಷ್ಟು ದಪ್ಪ ಮಚ್ಚೆ ಐತೆ ಅಂತ ಒಂದು ದಿನ ಹೇಳಿದೀಯಾ?"

"ನಿನ್ನ ಕೆನ್ನೆ ಮ್ಯಾಲೆ ಮಚ್ಚೆ ಇಲ್ಲ ಕಣಪ್ಪ."

"ಫೋಟೋದಾಗೈತಲ್ಲ."

"ಫೋಟೋ ಸುಳ್ಳು."

"ಫೋಟೋ ಯಾಕೆ ಸುಳ್ಳು ಹೇಳ್ತೈತೆ? ಅದಕ್ಕೇನು ನನ್ ಮ್ಯಾಲೆ ಹೊಟ್ಟೆಕಿಚ್ಚಾ? ಇದು ಅದೃಷ್ಟದ ಮಚ್ಚೆ. ನಂಗೆ ಗೊತ್ತಾದ್ರೆ ನಾನು ಮೆರೀತೀನಿ ಅಂತ ಮುಚ್ಚಿಟ್ಟಿದೀಯ."

ಮಧ್ಯಾಹ್ನದ ಹೊತ್ತಿಗೆ ಇಂಥ ಹನ್ನೊಂದು ಜಗಳ. ಜೋಡಿ ಜೋಡಿ ಮುರಿದು ಬಿತ್ತು. ಮುಖ ಕೊಡುವವರಿಲ್ಲದೆ ಜನ ಕೆದರಿದ ತಲೆಯಲ್ಲಿ ತಿರುಗಿದರು. ಗಾಬರಿಯಾಗಿ ನಾನು ಫೋಟೋಗಳನ್ನೆಲ್ಲ ಚಾಪೆಯ ಮೇಲೆ ಸಾಲಾಗಿ ಇಟ್ಟು ನೋಡಿದೆ. ಗಾದ್ರಪ್ಪನಿಗೂ ಅಲ್ಲೇ ಮಚ್ಚೆ, ಈರಲಿಂಗನಿಗೂ ಅಲ್ಲೇ, ನಡುವೆ ಕೈತಪ್ಪಿ ತೆಗೆದ ಎಮ್ಮೆಗೂ ಅಲ್ಲೇ. ರಬ್ಬರಿನ ಬುಡ್ಡೆ ಹಿಸುಕಿ, ಕ್ಯಾಮೆರಾವನ್ನು ಕೆಳಮುಖ ಹಿಡಿದು ಗಾಳಿ ಊದಿದೆ. ಚೂರು ಉದುರಿತು. ಕಟ್ಟೆಯ ಮೇಲೆ ನಿಂತು ಎಮ್ಮೆಯ ಫೋಟೋ ಎತ್ತಿ ತೋರಿಸಿ, ಅದು ಮಚ್ಚೆಯಲ್ಲ, ಕ್ಯಾಮೆರಾದ ಧೂಳು ಎಂದು ಸಾರಿದೆ. ಊರು ತಣ್ಣಗಾಯಿತು. ಗಾದ್ರಪ್ಪನೊಬ್ಬ ಮಾತ್ರ, "ನಂದು ಇರ್ಲಿ ಬಿಡು," ಎಂದು ಮಚ್ಚೆಯ ಫೋಟೋವನ್ನೇ ಗಿರಣಿಯಲ್ಲಿ ತೂಗುಹಾಕಿಕೊಂಡ.

ಇಷ್ಟೆಲ್ಲ ಆಗುವಾಗ ಒಬ್ಬಳು ಮಾತ್ರ ಸಾಲಿನಲ್ಲಿ ನಿಂತಿರಲಿಲ್ಲ. ನಮ್ಮ ಮೋಟುಗೋಡೆಯ ಆಚೆ ಮನೆಯ ಓಬಕ್ಕ. ನನಗೆ ಮುಖ ಕೊಡುವವಳು ಅವಳು, ಅವಳಿಗೆ ನಾನು. ನನಗಿಂತ ಒಂದು ವರ್ಷಕ್ಕೆ ದೊಡ್ಡವಳು, ಒಂಟಿ. ಮಾತು ಬಹಳ ಕಡಿಮೆ. ಬೆಳಗ್ಗೆ ಗೋಡೆಯ ಬಳಿ ನಿಂತು, "ಮೀಸೆ ಎಡಕ್ಕೆ. ಕಿವಿ ಹಿಂದೆ ಸೋಪು," ಎಂದಷ್ಟೇ ಹೇಳಿ ತನ್ನ ಮುಖ ಮುಂದೆ ಮಾಡುತ್ತಿದ್ದಳು. ನಾನು ಹೇಳುತ್ತಿದ್ದೆ. ಮೂವತ್ತೊಂದು ವರ್ಷದಿಂದ ದಿನವೂ ಒಂದು ಮಾತನ್ನು ಬಿಟ್ಟು ಹೇಳುತ್ತಿದ್ದೆ.

ಅವಳ ಎಡಗೆನ್ನೆಯಲ್ಲಿ ಕಿವಿಯ ಬುಡದಿಂದ ಗದ್ದದವರೆಗೆ ಇಳಿದ ಒಂದು ಕಪ್ಪು ಕಲೆಯಿದೆ. ಅದು ನನ್ನ ಕೈಯ ಕೆಲಸ. ಆಗ ನನಗೆ ಇಪ್ಪತ್ತು. ಹುಣಸೆಯ ಚೀಲಗಳಿಗೆ, ಮೈಗೆ ಬಿದ್ದರೆ ಸುಡುವ ಕರಿಗೇರುಕಾಯಿಯ ಸೊನೆಯಿಂದ ನಮ್ಮ ಮನೆಯ ಗುರುತು ಹಾಕುತ್ತಿದ್ದೆ. ಓಬಕ್ಕ ಆಗ ವಾಚಾಳಿ. ದಾರಿಯಲ್ಲಿ ಹೋಗುವ ಗಾಳಿಯನ್ನೂ ನಿಲ್ಲಿಸಿ ಮಾತಾಡಿಸುವವಳು. ಬಂದು ನಿಂತು, "ಇದೇನ್ಲಾ ಪಾತ, ಕೋಳಿ ಕೆದರಿದಂಗೈತೆ," ಎಂದಳು. ನಾನು ನಗುತ್ತ ಅವಳ ಕಡೆಗೆ ಕಡ್ಡಿ ಕೊಡವಿದೆ. ಸೊನೆ ಬಿದ್ದಲ್ಲೆಲ್ಲ ಬೊಕ್ಕೆಯೆದ್ದು ತಿಂಗಳು ಮಲಗಿದಳು. ಅವಳಿಗೆ ಮುಖ ಕೊಡುತ್ತಿದ್ದ ಅಜ್ಜಿ ಆ ವರ್ಷವೇ ತೀರಿಕೊಂಡಿದ್ದಳು. "ಸುಟ್ಟವನೇ ಕೊಡಲಿ," ಎಂದು ನನ್ನ ಅವ್ವ ನನ್ನನ್ನು ಆ ಗೋಡೆಯ ಬಳಿ ನಿಲ್ಲಿಸಿದಳು. ಓಬಕ್ಕ ದಿನವೂ ಕೇಳುತ್ತಿದ್ದಳು, ಹೋಯ್ತಾ ಪಾತ, ಹೋಯ್ತಾ. ಗಾಯ ಮಾಗಿ ಚರ್ಮ ನುಣ್ಣಗಾಯಿತು. ಕೈಗೆ ಏನೂ ಹತ್ತುತ್ತಿರಲಿಲ್ಲ. ಬಣ್ಣ ಉಳಿಯಿತು. ಅವಳು ಅನ್ನ ಬಿಟ್ಟು ಕೂತ ಒಂದು ಬೆಳಗ್ಗೆ, ಹೋಯ್ತು ಎಂದುಬಿಟ್ಟೆ.

ಆಮೇಲೆ ಹೊರಗಿನ ಊರಿನವರು ಹೆಣ್ಣು ನೋಡಲು ಬಂದರು. ಓಬಕ್ಕ ಕಾಫಿ ಕೊಟ್ಟು, "ನಿಮ್ಮೂರ ಹುಣಸೆ ನಮ್ಮದಕ್ಕಿಂತ ಹುಳಿಯಾ?" ಎಂದು ಹುಡುಗನನ್ನು ಕೇಳಿದಳು. ಅವರು ಎದ್ದು ಹೋದರು. ಮುಖದ ಮಾತು ಎತ್ತುವಂತಿಲ್ಲವಲ್ಲ, ಮನೆಯವರು ಇನ್ನೊಂದು ಕಾರಣ ಹುಡುಕಿದರು: ಹೆಣ್ಣು ಬಾಯಿ ಬಿಡಬಾರದಿತ್ತು. ಎರಡನೆಯ ಸಲ ಬಂದವರೆದುರು ಅವಳು ಆಡಿದ್ದು, ಕಾಫಿ ಆರುತ್ತೆ ಕುಡೀರಿ ಎಂದಷ್ಟೇ. ಅವರೂ ಹೋದರು. ಅಂದಿನಿಂದ ಓಬಕ್ಕ ಬಾಯಿಗೆ ಬೀಗ ಹಾಕಿದಳು. ತನ್ನ ಬಾಳು ಕೆಟ್ಟದ್ದು ತನ್ನ ನಾಲಿಗೆಯಿಂದ ಎಂದೇ ನಂಬಿದ್ದಳು. ನಿಜ ಗೊತ್ತಿದ್ದ ನಾನು ದಿನ ಬೆಳಗಾದರೆ ಗೋಡೆಯ ಈಚೆ ನಿಂತು, ಕುಂಕುಮ ಸರಿಯಾಗಿದೆ ಓಬಕ್ಕ, ಎನ್ನುತ್ತಿದ್ದೆ.

ಧೂಳಿನ ಗಲಾಟೆ ಮುಗಿದ ಮಾರನೆಯ ಬೆಳಗ್ಗೆ ಅವಳು ಗೋಡೆಯ ಬಳಿ ನನ್ನ ಮುಖ ಕೊಟ್ಟಾದ ಮೇಲೆ, "ನಾಳೆ ಬರ್ತೀನಿ. ಫೋಟೋಗೆ," ಎಂದಳು.

ಆ ದಿನವೆಲ್ಲ ನನ್ನ ಕೈ ಯಾವ ಕೆಲಸಕ್ಕೂ ಬರಲಿಲ್ಲ. ಮಾರಕ್ಕ ನಾರು ಎಳೆಯುತ್ತ ಕೂತಿದ್ದವಳು ತಲೆ ಎತ್ತದೆ, "ಏನ್ ಮಾಡ್ತೀಯ?" ಎಂದಳು. ಅವಳಿಗೂ ಗೊತ್ತು, ಊರಿಗೇ ಗೊತ್ತು.

"ಬಲಗೆನ್ನೆ ಬೆಳಕಿಗೆ ಕೂರಿಸ್ತೀನಿ. ಪಂಚೆ ತೆಗೆದ್ರೆ ಎಡಗಡೆ ನೆರಳಿಗೆ ಹೋಗ್ತೈತೆ. ಚಕ್ರ ಒಂದೆರಡು ಹಲ್ಲು ಕಳೆಯೋ ಕಡೆಗೆ ತಿರುಗಿಸಿದ್ರೆ ಏನೂ ಕಾಣಲ್ಲ. ಅದು ಸುಳ್ಳಾಗಲ್ಲ ಮಾರಿ, ಬೆಳಕಿನ ವಿಷ್ಯ."

"ಬೆಳಕಿನ ವಿಷ್ಯ," ಎಂದಳು ಮಾರಕ್ಕ. ನಾರು ಎಳೆದು ಬುಟ್ಟಿಗೆ ಎಸೆದಳು.

ಓಬಕ್ಕ ಬಂದಾಗ ಹೊತ್ತು ಒಂದಾಳೆತ್ತರ ಏರಿತ್ತು. ತೊಳೆದ ಹಸಿರು ಸೀರೆ, ತಲೆಗೆ ಎಣ್ಣೆ. ನಾನು ಮೊದಲೇ ಮಣೆಯನ್ನು ಓರೆಯಾಗಿ ಹಾಕಿದ್ದೆ, ಪಂಚೆ ಮಡಚಿಟ್ಟಿದ್ದೆ. ಅವಳು ಕೂತಳು, ಕೂತವಳು ಮಣೆಯನ್ನು ಎಳೆದು ನನ್ನ ಕಡೆ ನೇರ ತಿರುಗಿದಳು.

"ಸ್ವಲ್ಪ ಬಾಗಿಲ ಕಡೆ ನೋಡು ಓಬಕ್ಕ. ಚೆನ್ನಾಗಿ ಬರ್ತೈತೆ."

"ಮುಖ ಇಸ್ಕೊಳ್ಳೋವಾಗ ಯಾರಾದ್ರೂ ಮಗ್ಗುಲಾಗಿ ನಿಲ್ತಾರಾ?"

ಒಂದೇ ಸಲಕ್ಕೆ ಅವಳು ಅಷ್ಟು ಮಾತಾಡಿ ಬಹಳ ವರ್ಷವಾಗಿತ್ತು. ನಾನು ಕ್ಯಾಮೆರಾ ಎತ್ತಿದೆ. ಚೌಕ ತಾನಾಗಿಯೇ ಹೋಗಿ ಅವಳ ಕಣ್ಣಿನ ಮೇಲೆ ನಿಂತಿತು. ದಿನವೂ ಎದುರು ನಿಂತು ನೋಡಿದ ಕಣ್ಣು. ಆದರೆ ಅದರೊಳಗೆ ಬಾಗಿಲಿನ ಬೆಳಕು ಸಣ್ಣದೊಂದು ಚಿಟಿಕೆಯಷ್ಟು ಹೊಳೆಯುತ್ತಿರುವುದನ್ನು ನಾನು ಎಂದೂ ಕಂಡಿರಲಿಲ್ಲ. ಅವಳು ಹೆದರಿರಲಿಲ್ಲ, ನಗುತ್ತಲೂ ಇರಲಿಲ್ಲ. ಜಾತ್ರೆಗೆ ಹೊರಟ ಹುಡುಗಿ ಬಾಗಿಲಲ್ಲಿ ನಿಂತಂತೆ ಇಡೀ ಮುಖ ಮುಂದಕ್ಕೆ ಬಂದಿತ್ತು. ಇಂಥ ಮುಖ ಎದುರಿಗಿದ್ದಾಗ ಕೈಯಿದ್ದವನು ಕೆಟ್ಟದಾಗಿ ತೆಗೆಯಲಾರ. ಚಕ್ರದ ಮೇಲಿದ್ದ ಬೆರಳು ತಿರುಗಿಸಲಿಲ್ಲ. "ಮಾರಿ, ಆ ಪಂಚೆ ತಗೊಂಡ್ ಬಾ," ಎಂದೆ. ಮಾರಕ್ಕ ತಂದು ಓಬಕ್ಕನ ಎಡಗಡೆ ಹರವಿ ಹಿಡಿದಳು. ಬೆಳಕು ಎಡಗೆನ್ನೆಯ ಮೇಲೆ ಮೆಲ್ಲಗೆ ಹತ್ತಿತು. ಮೊಣಕೈ ಒತ್ತಿ, ಉಸಿರು ಬಿಟ್ಟು, ಒತ್ತಿದೆ.

ಇವತ್ತಿಗೂ ನಾನು ತೆಗೆದುದರಲ್ಲಿ ಅಷ್ಟು ಒಳ್ಳೆಯದು ಇನ್ನೊಂದಿಲ್ಲ. ಪ್ರಿಂಟು ಬಿಸಿಯಾಗಿರುವಾಗಲೇ ತಂದು ಅವಳ ಕೈಗಿಟ್ಟೆ. ಬೇರೆಯವರಂತೆ ಅವ್ವ ಎನ್ನಲಿಲ್ಲ, ಅಜ್ಜಿ ಎನ್ನಲಿಲ್ಲ. ಅವಳ ನೆಂಟರಲ್ಲಿ ಅಂಥ ಕೆನ್ನೆಯವರು ಯಾರೂ ಇರಲಿಲ್ಲ. ಬಹಳ ಹೊತ್ತು ನೋಡಿದಳು. ಹೆಬ್ಬೆರಳಿನಿಂದ ಕಾಗದದ ಮೇಲಿನ ಕೆನ್ನೆ ಒರೆಸಿದಳು. ಮತ್ತೆ ಒರೆಸಿದಳು.

"ಧೂಳಾ ಪಾತ?"

ನಾನು ತಪ್ಪಿಸಿಕೊಳ್ಳಲು ಬಾಗಿಲು ತೆರೆದಿಟ್ಟೇ ಕೇಳಿದ್ದಳು. ಹೌದು ಎಂದರೆ ಸಾಕಿತ್ತು. ಗಾದ್ರಪ್ಪನಿಗೆ ಬಂದಿತ್ತು, ಎಮ್ಮೆಗೆ ಬಂದಿತ್ತು, ನಿನಗೂ ಬಂದಿದೆ, ತಡಿ, ಊದಿ ಇನ್ನೊಂದು ತೆಗೆಯುತ್ತೇನೆ. ಎರಡನೆಯದನ್ನು ನೆರಳಿನಲ್ಲಿ ತೆಗೆಯಬಹುದಿತ್ತು. ಮಾರಕ್ಕ ಪಂಚೆ ಹಿಡಿದವಳು ಹಾಗೇ ನಿಂತಿದ್ದಳು. ನನ್ನ ನಾಲಿಗೆಯ ಮೇಲೆ ಹೌದು ಬಂದು ಕೂತಿತ್ತು.

"ಧೂಳಲ್ಲ," ಎಂದೆ. "ನಾನು ಚೆಲ್ಲಿದ್ದು. ಕರಿಗೇರು."

"ಹೋಯ್ತು ಅಂದಿದ್ದೆ."

"ಹೋಗಿರ್ಲಿಲ್ಲ. ಯಾವತ್ತೂ ಹೋಗ್ಲಿಲ್ಲ."

ಅವಳು ತಲೆಯಾಡಿಸಿದಳು. ಏನೋ ಲೆಕ್ಕ ಹಾಕುವವಳಂತೆ ಕಣ್ಣು ನೆಲದ ಮೇಲೆ ಓಡಿತು. "ಅಂಗಾದ್ರೆ ಅವ್ರು ಎದ್ದೋಗಿದ್ದು…" ಎಂದು ನಿಲ್ಲಿಸಿ ನನ್ನ ಮುಖ ನೋಡಿದಳು.

"ಇದಕ್ಕೆ. ನೀನು ಮಾತಾಡಿದ್ದಕ್ಕಲ್ಲ."

"ಎಲ್ರಿಗೂ ಗೊತ್ತಿತ್ತು."

"ಗೊತ್ತಿತ್ತು."

ಅವಳು ಎದ್ದು, ಫೋಟೋವನ್ನು ಸೆರಗಿನೊಳಗೆ ಇಟ್ಟುಕೊಂಡು, ಚಪ್ಪಲಿ ಮೆಟ್ಟದೆ ನಡೆದು ಹೋದಳು. ಮಾರಕ್ಕ ಚಪ್ಪಲಿ ಎತ್ತಿಕೊಂಡು ಹಿಂದೆ ಓಡಿದಳು.

ಮಾರನೆಯ ಬೆಳಗ್ಗೆ ಗೋಡೆಯ ಆಚೆ ಯಾರೂ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಮುಖ ಇಸಿದುಕೊಳ್ಳದೆ ನಾನು ಅಂಗಡಿಗೆ ಹೋದೆ. ಜನ ನನ್ನನ್ನು ನೋಡಿ ಹವೆಯ ಮಾತಾಡಿದರು. ಕ್ಯಾತಜ್ಜ, "ಮೋಡ ಐತೆ ಅಲ್ವೇನಪ್ಪ," ಎಂದು ತುಟಿ ಬಿಗಿ ಹಿಡಿದ, ಆಕಾಶ ತೊಳೆದಂತಿತ್ತು. ಮುಖದ ಮೇಲೆ ಏನೋ ಇತ್ತು, ತೊಳೆದರೂ ಹೋಗದ್ದು. ಏನೆಂದು ಯಾರನ್ನೂ ಕೇಳುವಂತಿರಲಿಲ್ಲ. ಕ್ಯಾಮೆರಾವನ್ನು ನನ್ನ ಕಡೆಗೇ ತಿರುಗಿಸಿ ಒಂದು ಒತ್ತಿದರೆ ತಿಳಿಯುತ್ತಿತ್ತು. ಕೈ ಬರಲಿಲ್ಲ.

ಮೂರನೆಯ ದಿನ ಮುಖ ತೊಳೆದು ಹೊರಗೆ ಬಂದರೆ ಓಬಕ್ಕ ಗೋಡೆಯ ಆಚೆ ಒಂದು ಮೂಟೆ ಹುಣಸೆ ಸುರಿದುಕೊಂಡು ಕೂತಿದ್ದಳು. ಅವಳ ಪಡಸಾಲೆಯ ಗೋಡೆಯ ಮೇಲೆ, ಬೀದಿಗೆ ಕಾಣುವಂತೆ, ಆ ಫೋಟೋ. ನಾನು ಹೋಗಿ ನಿಂತೆ. ಅವತ್ತು ಅವಳ ಕುಂಕುಮ ಸರಿಯಾಗಿತ್ತು, ಕಣ್ಣು ಕೆಂಪಗಿತ್ತು, ಎಡಗೆನ್ನೆಯ ಕಲೆ ಕಿವಿಯ ಬುಡದಲ್ಲಿ ಕಡುಕಪ್ಪು, ಗದ್ದಕ್ಕೆ ಬರುವಾಗ ಹುಣಸೆಬೀಜದ ಬಣ್ಣ. ಒಂದನ್ನೂ ಬಿಡದೆ ಹೇಳೋಣವೆಂದು ಬಾಯಿ ತೆರೆದೆ.

"ಕುಂಕು…" ಎನ್ನುವಷ್ಟರಲ್ಲಿ ಅವಳು ಕೈಯೆತ್ತಿದಳು. "ಮುಖ ಸಾಕು. ಅದು ಗೋಡೆ ಮ್ಯಾಲೈತೆ. ನೀನೀಗ ಕಿವಿ ಕೊಡು."

ಗೋಡೆಯ ಮೇಲೆ ಮೊಣಕೈ ಊರಿ ನಿಂತೆ.

"ಮೊದ್ಲು ಬಂದಿದ್ನಲ್ಲ, ಆ ಹುಡುಗ," ಎಂದಳು, ಒಂದು ಹಣ್ಣಿನ ಸಿಪ್ಪೆ ಒಡೆಯುತ್ತ. "ಅವನ ಮೂಗು ನೋಡಿದ್ಯಾ ನೀನು? ಒನಕೆ ತುದಿ ಇದ್ದಂಗಿತ್ತು. ಅದನ್ನ ಅವತ್ತೇ ಹೇಳ್ಬೇಕು ಅಂತಿದ್ದೆ. ನಾನೇನೋ ಹುಣಸೆ ಹುಳಿ ಕೇಳಿ ಕೆಟ್ಟೆ ಅಂತ ನಮ್ಮವ್ವ ಎದೆ ಬಡ್ಕೊಂಡ್ಳು. ಆ ಪ್ರಶ್ನೆಗೆ ಏನ್ ತಪ್ಪಿತ್ತು ಹೇಳು? ಬಾಳಿ ಬದುಕೋ ಊರಿನ ಹುಣಸೆ ಹೆಂಗೈತೆ ಅಂತ ತಿಳ್ಕಬಾರ್ದಾ? ಇನ್ನು ಎರಡನೆಯವನು, ಅವನ ತಾಯಿ ನಮ್ಮ ಮನೆ ಉಪ್ಪಿಟ್ಟು ಎರಡು ಸಲ ಹಾಕಿಸ್ಕೊಂಡ್ಳು. ತಿಂದು, ಕೈ ತೊಳ್ಕೊಂಡು, ಹೆಣ್ಣು ಬ್ಯಾಡ ಅಂದ್ಳು. ಉಪ್ಪಿಟ್ಟು ಬೇಕಿತ್ತೇನೋ. ಇರ್ಲಿ, ಅದು ಆಮ್ಯಾಲೆ. ಅದಕ್ಕೂ ಮುಂಚೆ ನೀನು ಸೊನೆ ಚೆಲ್ಲಿದ್ಯಲ್ಲ, ಆ ಚೀಲದ ಗುರುತು. ಅದು ನಿಜವಾಗ್ಲೂ ಕೋಳಿ ಕೆದರಿದಂಗೇ ಇತ್ತು ಕಣ್ಲಾ…"

ಮಾರಕ್ಕ ನನಗೆ ಮಣೆ ತಂದು ಹಾಕಿದಳು, ತಾನೂ ಕೂತಳು. ಬೀದಿಯಲ್ಲಿ ಹೋಗುವವರು ನಿಂತರು. ಗಾದ್ರಪ್ಪ ಗಿರಣಿ ನಿಲ್ಲಿಸಿ ಬಂದ. ಕ್ಯಾತಜ್ಜ ಊರುಗೋಲು ಊರಿಕೊಂಡು ಬಂದು, ಯಾರಿದು ಮಾತಾಡುತ್ತಿರುವುದು ಎಂದು ಕೇಳಿದ. ಹೇಳಿದರೆ ನಂಬಲಿಲ್ಲ. ಓಬಕ್ಕ ಯಾರಿಗಾಗಿಯೂ ನಿಲ್ಲಿಸಲಿಲ್ಲ. ಬೈದಳು, ನಕ್ಕಳು, ಒಂದು ಸಲ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಅದೇ ಉಸಿರಿನಲ್ಲಿ ನನ್ನ ಮದುವೆಯ ಸಾರಿನಲ್ಲಿ ಉಪ್ಪು ಹೆಚ್ಚಾಗಿದ್ದನ್ನು ಎತ್ತಿದಳು. ಮೂಟೆ ಕರಗಿ ಬೀಜದ ರಾಶಿ ಬೆಳೆಯಿತು. ಮಾರಕ್ಕ ನಮ್ಮ ಮನೆಯ ಮೂಟೆಯನ್ನೂ ತಂದು ಗೋಡೆಯ ಆಚೆಗೆ ಸುರಿದಳು. ಮಧ್ಯಾಹ್ನದ ಹೊತ್ತಿಗೆ ಓಬಕ್ಕನ ಮಾತು ಇನ್ನೂ ಇಪ್ಪತ್ತೊಂಬತ್ತು ವರ್ಷದ ಹಿಂದೆ ಇತ್ತು. ನನ್ನ ಕಾಲು ಜೋಮು ಹಿಡಿಯಿತು. ಎದ್ದೇಳಲಿಲ್ಲ.

ಹೊತ್ತು ಮುಳುಗುವಾಗ ಸೆರಗು ಕೊಡವಿ ಎದ್ದಳು. "ನಾಳೆ ಬೇಗ ಬಾ," ಎಂದಳು. ಎರಡು ಹೆಜ್ಜೆ ಹೋದವಳು ತಿರುಗಿ ನನ್ನ ಮುಖವನ್ನು ದಿಟ್ಟಿಸಿದಳು. ಮೂರು ದಿನದಿಂದ ಊರೆಲ್ಲ ನೋಡಿ ನುಂಗಿಕೊಂಡದ್ದು ಅವಳಿಗೂ ಕಂಡಿತು, ಕೊಡಬೇಕಾದವಳು ಅವಳೊಬ್ಬಳೇ. ತುಟಿ ತೆರೆದಳು. ಒಂದು ಗಳಿಗೆ ಯೋಚಿಸಿ, ಸೆರಗು ಬಾಯಿಗೆ ಅಡ್ಡ ಹಿಡಿದು, ನಗುತ್ತ ಒಳಗೆ ಹೋದಳು. ನನ್ನ ಮುಖ ಅವಳ ಮೇಲೆ ಬಾಕಿ ಉಳಿಯಿತು. ನಾನು ಕೇಳಲಿಲ್ಲ.